ರಾಸಾಯನಿಕ ಮತ್ತು ಅಯಾನಿಕ ಸಮತೋಲನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಮತೋಲನದ ಅಧ್ಯಾಯದ ಲೆಕ್ಕಗಳಿಗೆ ವರ್ಗಮೂಲ ಮತ್ತು ಲಾಗರಿದಮ್ ಗೊತ್ತಿದ್ದರೆ ಸಾಕು. ಆದರೂ ಅಲ್ಲಿ ಎಡವುವವರು ಬಹಳ. ಎಡವುವ ಜಾಗಗಳೂ ಹೆಚ್ಚುಕಡಿಮೆ ಒಂದೇ: 'ಸಮ' ಎಂಬ ಪದವನ್ನು ಪ್ರಮಾಣಕ್ಕೆ ಅನ್ವಯಿಸುವುದು, ಸ್ಥಿರಾಂಕವನ್ನು ವೇಗವೆಂದು ಓದಿಕೊಳ್ಳುವುದು, ಲೆ ಶಾಟೆಲಿಯೆ ತತ್ತ್ವವನ್ನು ಕಾರಣ ಕೇಳದೆ ಪಠಿಸುವುದು. ಕೆಳಗಿನ ಉತ್ತರಗಳಲ್ಲಿ ಸಾರತೆ ಎಂದರೆ ಒಂದು ಲೀಟರಿನಲ್ಲಿರುವ ಮೋಲ್‌ಗಳ ಸಂಖ್ಯೆ; ಅದರ ಏಕಮಾನ ಮೋಲಾರ್. ಬೇರೆ ತಾಪಮಾನವನ್ನು ಹೇಳದಿರುವ ಕಡೆಯೆಲ್ಲ ಅಂಕಿಗಳು 25 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಿಸಿದವು.

ಸಮತೋಲನಕ್ಕೆ ಬಂದ ಮೇಲೆ ಕ್ರಿಯೆ ನಿಂತುಹೋಗುತ್ತದೆಯೇ?

ಇಲ್ಲ. ಬಣ್ಣ, ಒತ್ತಡ, ಸಾರತೆ ಯಾವುದೂ ಬದಲಾಗದೆ ಇರುವುದರಿಂದ ಹೊರಗಿನಿಂದ ನೋಡುವವರಿಗೆ ನಿಂತಂತೆ ಕಾಣುತ್ತದೆ, ಅಷ್ಟೆ. ಒಳಗೆ ಮುಮ್ಮುಖ ಕ್ರಿಯೆ ಮತ್ತು ಹಿಮ್ಮುಖ ಕ್ರಿಯೆ ಎರಡೂ ಒಂದೇ ವೇಗದಲ್ಲಿ ನಡೆಯುತ್ತಲೇ ಇರುತ್ತವೆ. ಒಂದು ಕಟ್ಟಿದ್ದನ್ನು ಇನ್ನೊಂದು ಅಷ್ಟೇ ಬೇಗ ಒಡೆಯುವುದರಿಂದ ಲೆಕ್ಕ ಚುಕ್ತಾ ಆಗುತ್ತದೆ.

ಇದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗಿಲ್ಲ. ಹಳದಿ ಬಣ್ಣದ ಲೆಡ್ ಅಯೊಡೈಡ್ ತಳದಲ್ಲಿ ಉಳಿದಿರುವ ಒಂದು ಪರ್ಯಾಪ್ತ (ಇನ್ನಷ್ಟು ಕರಗಿಸಿಕೊಳ್ಳಲಾರದ) ದ್ರಾವಣಕ್ಕೆ, ವಿಕಿರಣಶೀಲ ಅಯೊಡಿನ್ ಇರುವ ಅದೇ ಲೆಡ್ ಅಯೊಡೈಡನ್ನು ಒಂದು ಚಿಟಿಕೆ ಸೇರಿಸಿದರೆಂದು ಇಟ್ಟುಕೊಳ್ಳಿ. ದ್ರಾವಣ ಮೊದಲೇ ಪರ್ಯಾಪ್ತವಾಗಿರುವುದರಿಂದ ಕರಗಿದ ಅಯೊಡೈಡಿನ ಒಟ್ಟು ಸಾರತೆ ಕಿಂಚಿತ್ತೂ ಹೆಚ್ಚುವುದಿಲ್ಲ. ಆದರೆ ಸ್ವಲ್ಪ ಹೊತ್ತಿನ ನಂತರ ದ್ರಾವಣವನ್ನು ಸೋಸಿ ಅಳೆದರೆ ತಿಳಿಯಾದ ದ್ರವದಲ್ಲೂ ವಿಕಿರಣ ಸಿಗುತ್ತದೆ. ಘನದಲ್ಲಿದ್ದ ಅಯಾನುಗಳು ದ್ರಾವಣಕ್ಕೆ ಇಳಿದಿವೆ, ಅಷ್ಟೇ ಸಂಖ್ಯೆಯ ಅಯಾನುಗಳು ದ್ರಾವಣದಿಂದ ಘನಕ್ಕೆ ಮರಳಿವೆ ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ವಿವರಣೆಯಿಲ್ಲ.

ಹಾಗಾದರೆ ಸಮತೋಲನದಲ್ಲಿ ಪ್ರತಿವರ್ತಕ ಮತ್ತು ಉತ್ಪನ್ನ ಅರ್ಧರ್ಧ ಇರುತ್ತವೆಯೇ?

ಸಮವಾಗಿರುವುದು ವೇಗಗಳು, ಪ್ರಮಾಣಗಳು ಸಮವಾಗಿರಬೇಕೆಂಬ ನಿಯಮವಿಲ್ಲ. ಸುಮಾರು 700 ಕೆಲ್ವಿನ್ ತಾಪದಲ್ಲಿ ಹೈಡ್ರೋಜನ್ ಮತ್ತು ಅಯೊಡಿನ್ ಅನಿಲಗಳು ಕೂಡಿ ಹೈಡ್ರೋಜನ್ ಅಯೊಡೈಡ್ ಆಗುವ ಕ್ರಿಯೆಯ ಸಮತೋಲನ ಸ್ಥಿರಾಂಕ ಹತ್ತಿರ ಹತ್ತಿರ 54. ಮುಚ್ಚಿದ ಪಾತ್ರೆಯಲ್ಲಿ ಎರಡನ್ನೂ ಒಂದೊಂದು ಮೋಲ್ ಇಟ್ಟು ಕಾದರೆ, ಕೊನೆಗೆ ಸುಮಾರು 0.21 ಮೋಲ್ ಹೈಡ್ರೋಜನ್, ಅಷ್ಟೇ ಅಯೊಡಿನ್, 1.57 ಮೋಲ್ ಹೈಡ್ರೋಜನ್ ಅಯೊಡೈಡ್ ಉಳಿಯುತ್ತವೆ. ಅದೇ ಪಾತ್ರೆಯನ್ನು ಎರಡು ಮೋಲ್ ಶುದ್ಧ ಹೈಡ್ರೋಜನ್ ಅಯೊಡೈಡಿನಿಂದ ತುಂಬಿಸಿ ಅದೇ ತಾಪದಲ್ಲಿಟ್ಟರೂ ಕೊನೆಯಲ್ಲಿ ಸಿಗುವುದು ಇದೇ ಮೂರು ಅಂಕಿಗಳು. ಯಾವ ಕಡೆಯಿಂದ ಹೊರಟರೂ ತಲುಪುವ ಜಾಗ ಒಂದೇ ಎಂಬುದು ಸಮತೋಲನದ ಅತ್ಯುತ್ತಮ ಪರೀಕ್ಷೆ. ಕ್ರಿಯೆ ನಿಜಕ್ಕೂ ಸಮತೋಲನಕ್ಕೆ ಬಂದಿದೆಯೋ, ಅಥವಾ ಬರಿದೆ ನಿಧಾನವಾಗಿದೆಯೋ ಎಂಬ ಸಂಶಯವನ್ನು ಬಗೆಹರಿಸಿಕೊಳ್ಳಲು ಪ್ರಯೋಗಾಲಯದಲ್ಲಿ ಈ ಉಪಾಯವನ್ನೇ ಬಳಸುತ್ತಾರೆ.

ಎಲ್ಲ ಕ್ರಿಯೆಗಳೂ ಹಿಂದಿರುಗಬಲ್ಲವೇ?

ತಾತ್ವಿಕವಾಗಿ ಹೌದು, ವ್ಯವಹಾರದಲ್ಲಿ ಪಾತ್ರೆ ಮುಚ್ಚಿದೆಯೋ ಇಲ್ಲವೋ ಎಂಬುದು ದೊಡ್ಡ ಪ್ರಶ್ನೆ. ಸುಣ್ಣದ ಕಲ್ಲನ್ನು ತೆರೆದ ಗೂಡಿನಲ್ಲಿ ಸುಟ್ಟಾಗ ಹೊರಬರುವ ಕಾರ್ಬನ್ ಡೈ ಆಕ್ಸೈಡ್ ಗಾಳಿಗೆ ಸೇರಿಹೋಗುವುದರಿಂದ ಹಿಮ್ಮುಖ ಕ್ರಿಯೆಗೆ ಅವಕಾಶವೇ ಇರುವುದಿಲ್ಲ, ಕಲ್ಲೆಲ್ಲ ಸುಟ್ಟಸುಣ್ಣವಾಗುತ್ತದೆ. ಅದನ್ನೇ ಗಟ್ಟಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಅನಿಲದ ಒತ್ತಡ ಒಂದು ಮಟ್ಟಕ್ಕೇರಿ ಅಲ್ಲೇ ನಿಲ್ಲುತ್ತದೆ. ಸುಮಾರು 900 ಡಿಗ್ರಿಯಲ್ಲಿ ಆ ಮಟ್ಟ ಒಂದು ವಾಯುಮಂಡಲದ ಒತ್ತಡ.

ಕ್ರಿಯೆ ಹಿಂದಕ್ಕೂ ನಡೆಯಬಲ್ಲದು ಎಂಬುದು ಹೊಳೆದದ್ದು ಪ್ರಯೋಗಾಲಯದ ಹೊರಗೆ. 1798ರಲ್ಲಿ ನೆಪೋಲಿಯನ್ನನ ದಂಡಯಾತ್ರೆಯ ಜೊತೆ ಈಜಿಪ್ಟಿಗೆ ಹೋಗಿದ್ದ ಫ್ರೆಂಚ್ ರಸಾಯನಶಾಸ್ತ್ರಜ್ಞ ಬರ್ತೊಲೆ, ಉಪ್ಪಿನ ಸರೋವರಗಳ ದಂಡೆಯಲ್ಲಿ ಸೋಡಿಯಂ ಕಾರ್ಬೊನೇಟ್ ಹೆಪ್ಪುಗಟ್ಟಿರುವುದನ್ನು ಕಂಡರು. ಪ್ರಯೋಗಾಲಯದಲ್ಲಿ ಸೋಡಿಯಂ ಕಾರ್ಬೊನೇಟ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಸುಣ್ಣದ ಕಲ್ಲೂ ಅಡುಗೆ ಉಪ್ಪೂ ಸಿಗುತ್ತವೆ; ಸರೋವರದಲ್ಲಿ ಉಪ್ಪು ಅಪಾರವಾಗಿದ್ದುದರಿಂದ ಅದೇ ಕ್ರಿಯೆ ತಿರುಗಿ ನಡೆದಿತ್ತು. ಕ್ರಿಯೆಯ ದಿಕ್ಕನ್ನು ವಸ್ತುವಿನ ಸ್ವಭಾವದ ಜೊತೆಗೆ ಅದರ ಪ್ರಮಾಣವೂ ನಿರ್ಧರಿಸುತ್ತದೆ ಎಂಬ ಅರಿವು ಮೂಡಿದ್ದು ಹೀಗೆ.

ಸಮತೋಲನ ಸ್ಥಿರಾಂಕ ಎಂದರೆ ಸರಿಯಾಗಿ ಏನು?

ಸಮತೋಲನದಲ್ಲಿರುವ ಉತ್ಪನ್ನಗಳ ಸಾರತೆಗಳನ್ನು, ಸಮೀಕರಣದಲ್ಲಿರುವ ಅವುಗಳ ಗುಣಾಂಕಗಳನ್ನೇ ಘಾತಗಳನ್ನಾಗಿಸಿ ಗುಣಿಸಿ, ಅದೇ ರೀತಿ ಗುಣಿಸಿದ ಪ್ರತಿವರ್ತಕಗಳ ಸಾರತೆಗಳಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಸಮತೋಲನ ಸ್ಥಿರಾಂಕ. ಅದನ್ನು 'ಕೆ' ಎಂದು ಕರೆಯುತ್ತಾರೆ. ನಿರ್ದಿಷ್ಟ ತಾಪಮಾನದಲ್ಲಿ ಈ ಸಂಖ್ಯೆ ಬದಲಾಗದು. ಈ ನಿಯಮದ ಮೊದಲ ರೂಪವನ್ನು ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ 1864ರಲ್ಲಿ ಮುಂದಿಟ್ಟರು.

ಒಂದು ಹಳೆಯ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಮೋಲ್ ಅಸಿಟಿಕ್ ಆಮ್ಲಕ್ಕೆ ಒಂದು ಮೋಲ್ ಈಥೈಲ್ ಆಲ್ಕೊಹಾಲ್ ಬೆರೆಸಿ ಸಾಕಷ್ಟು ಕಾಲ ಬಿಟ್ಟರೆ, ಆಮ್ಲದ ಮೂರನೆಯ ಎರಡು ಭಾಗ ಮಾತ್ರ ಎಸ್ಟರ್ ಆಗುತ್ತದೆ. ಅಲ್ಲಿಂದ ಮುಂದೆ ಎಷ್ಟು ದಿನ ಕಾದರೂ ಪ್ರಯೋಜನವಿಲ್ಲ. ಎಸ್ಟರ್ ಮೂರನೆಯ ಎರಡು, ನೀರು ಮೂರನೆಯ ಎರಡು, ಆಮ್ಲ ಮೂರನೆಯ ಒಂದು, ಆಲ್ಕೊಹಾಲ್ ಮೂರನೆಯ ಒಂದು: ಕೆಯ ಮೌಲ್ಯ 4. ಈಗ ಆಲ್ಕೊಹಾಲನ್ನು ಎರಡು ಮೋಲ್ ಮಾಡಿ ಅದೇ ಸಮೀಕರಣವನ್ನು ಬಿಡಿಸಿದರೆ ಎಸ್ಟರ್ 0.845 ಮೋಲ್‌ಗೆ ಏರುತ್ತದೆ. ಆಮ್ಲದ ಪರಿವರ್ತನೆ ಶೇಕಡಾ 67ರಿಂದ 85ರ ಹತ್ತಿರಕ್ಕೆ ಬಂತು, ಆದರೆ ಕೆ ಮಾತ್ರ ಇದ್ದಲ್ಲೇ ಇದೆ. ಸಮತೋಲನದ ಸ್ಥಾನ ಬೇರೆ, ಸಮತೋಲನದ ಸ್ಥಿರಾಂಕ ಬೇರೆ. ಸ್ಥಾನಗಳು ಎಷ್ಟು ಬೇಕಾದರೂ ಇರಬಹುದು, ಸ್ಥಿರಾಂಕ ತಾಪಮಾನಕ್ಕೊಂದೇ.

ಘನ ಮತ್ತು ಶುದ್ಧ ದ್ರವಗಳನ್ನು ಸೂತ್ರದಿಂದ ಏಕೆ ಬಿಡುತ್ತಾರೆ?

ಘನದ ರಾಶಿ ದೊಡ್ಡದಾದರೂ ಸಣ್ಣದಾದರೂ ಅದರ ಪ್ರತಿ ಲೀಟರಿನಲ್ಲಿರುವ ಮೋಲ್‌ಗಳ ಸಂಖ್ಯೆ ಒಂದೇ ಆಗಿರುತ್ತದೆ. ಬದಲಾಗದ ಆ ಸಂಖ್ಯೆ ಸ್ಥಿರಾಂಕದೊಳಗೇ ಸೇರಿಕೊಂಡಿರುತ್ತದೆ. ಆದ್ದರಿಂದಲೇ ಮುಚ್ಚಿದ ಪಾತ್ರೆಯಲ್ಲಿ ಇನ್ನೊಂದು ತುಂಡು ಸುಣ್ಣದ ಕಲ್ಲನ್ನು ಇಟ್ಟರೆ ಅನಿಲದ ಒತ್ತಡ ಏರುವುದಿಲ್ಲ. ನೀರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ನೀರೇ ದ್ರಾವಕವಾಗಿದ್ದಾಗ ಅದನ್ನು ಬಿಡುತ್ತೇವೆ, ಆದರೆ ಮೇಲಿನ ಎಸ್ಟರ್ ಉದಾಹರಣೆಯಲ್ಲಿ ನೀರು ಉಳಿದವುಗಳ ಜೊತೆಗೆ ಬೆರೆತಿರುವ ಒಂದು ಉತ್ಪನ್ನ ಮಾತ್ರ, ಹಾಗಾಗಿ ಅದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಕೆ ದೊಡ್ಡದಿದ್ದರೆ ಕ್ರಿಯೆ ವೇಗವಾಗಿ ನಡೆಯುತ್ತದೆಯೇ?

ಖಂಡಿತ ಇಲ್ಲ. ಎರಡು ಮೋಲ್ ಹೈಡ್ರೋಜನ್ ಒಂದು ಮೋಲ್ ಆಮ್ಲಜನಕದೊಂದಿಗೆ ಸೇರಿ ನೀರಾವಿಯಾಗುವ ಕ್ರಿಯೆಯ ಸ್ಥಿರಾಂಕ ಸುಮಾರು 10⁸⁰. ಆದರೂ ಕಿಡಿ ತಾಗದಿದ್ದರೆ ಆ ಮಿಶ್ರಣ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಎಲ್ಲಿಗೆ ತಲುಪುತ್ತದೆ ಎಂಬುದನ್ನು ಕೆ ಹೇಳುತ್ತದೆ, ಯಾವಾಗ ತಲುಪುತ್ತದೆ ಎಂಬುದರ ಬಗ್ಗೆ ಅದು ಮೌನ.

ಕ್ರಿಯಾಲಬ್ಧ 'ಕ್ಯೂ' ಮತ್ತು 'ಕೆ' ನಡುವೆ ವ್ಯತ್ಯಾಸವೇನು?

ಸೂತ್ರ ಎರಡಕ್ಕೂ ಒಂದೇ. ಈ ಕ್ಷಣದಲ್ಲಿ ಪಾತ್ರೆಯಲ್ಲಿರುವ ಸಾರತೆಗಳನ್ನು ಹಾಕಿದರೆ ಕ್ಯೂ, ಸಮತೋಲನದ ಸಾರತೆಗಳನ್ನು ಹಾಕಿದರೆ ಕೆ. ಒಂದು ಲೀಟರ್ ಪಾತ್ರೆಯಲ್ಲಿ ಹೈಡ್ರೋಜನ್ ಮತ್ತು ಅಯೊಡಿನ್ ಅರ್ಧರ್ಧ ಮೋಲ್, ಹೈಡ್ರೋಜನ್ ಅಯೊಡೈಡ್ ಎರಡು ಮೋಲ್ ಇದ್ದರೆ ಕ್ಯೂ 16 ಆಗುತ್ತದೆ. 54ಕ್ಕಿಂತ ಕಡಿಮೆಯಿರುವುದರಿಂದ ಕ್ರಿಯೆ ಇನ್ನೂ ಮುಂದಕ್ಕೆ ಸಾಗಬೇಕು. ಉತ್ಪನ್ನವೇ ಹೆಚ್ಚಿದೆಯಲ್ಲ, ಹಿಂದಕ್ಕೆ ಹೋಗಬೇಡವೇ ಎಂದು ಕಣ್ಣಂದಾಜಿನಲ್ಲಿ ಹೇಳುವವರು ಇಲ್ಲಿ ತಪ್ಪುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಹೋಲಿಕೆಯನ್ನು ಲೆ ಶಾಟೆಲಿಯೆ ತತ್ತ್ವಕ್ಕಿಂತ ಮೊದಲೇ ಕಲಿಸಬೇಕು, ಏಕೆಂದರೆ ಆ ತತ್ತ್ವ ಹೇಳುವ ಹೆಚ್ಚಿನ ಮಾತುಗಳು ಇದರಿಂದಲೇ ಹೊರಡುತ್ತವೆ.

ಲೆ ಶಾಟೆಲಿಯೆ ತತ್ತ್ವವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಸಮತೋಲನದಲ್ಲಿರುವ ವ್ಯವಸ್ಥೆಗೆ ಹೊರಗಿನಿಂದ ಬದಲಾವಣೆ ಉಂಟುಮಾಡಿದರೆ, ಅದರ ಪರಿಣಾಮವನ್ನು ಭಾಗಶಃ ತಗ್ಗಿಸುವ ದಿಕ್ಕಿನಲ್ಲಿ ವ್ಯವಸ್ಥೆ ಸರಿಯುತ್ತದೆ ಎಂದು 1884ರಲ್ಲಿ ಲೆ ಶಾಟೆಲಿಯೆ ಹೇಳಿದರು. ಈ ವಾಕ್ಯದಲ್ಲಿ ಕಣ್ಣಿಗೆ ಬೀಳದೆ ಹೋಗುವ ಪದ 'ಭಾಗಶಃ'.

ಅದರ ಅರ್ಥವನ್ನು ಒಂದು ಗಾಜಿನ ಸಿರಿಂಜ್ ತೋರಿಸಿಕೊಡುತ್ತದೆ. ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್ ಮತ್ತು ಕಂದು ಬಣ್ಣದ ನೈಟ್ರೋಜನ್ ಡೈ ಆಕ್ಸೈಡ್ ಸಮತೋಲನದಲ್ಲಿರುವ ಅನಿಲವನ್ನು ಅದರಲ್ಲಿ ತುಂಬಿ ತುದಿಯನ್ನು ಮುಚ್ಚಿ, ಕೊಂತವನ್ನು ಒಮ್ಮೆಗೇ ಒತ್ತಿದಾಗ ಬದಿಯಿಂದ ನೋಡುವವರಿಗೆ ಕಂದು ಬಣ್ಣ ತಟ್ಟನೆ ಗಾಢವಾಗುವುದು ಕಾಣುತ್ತದೆ. ಅಷ್ಟೇ ಕಣಗಳು ಕಡಿಮೆ ಜಾಗಕ್ಕೆ ಬಂದದ್ದೇ ಅದಕ್ಕೆ ಕಾರಣ, ಸಮತೋಲನ ಇನ್ನೂ ಸರಿದಿಲ್ಲ. ಮರುಕ್ಷಣ ಬಣ್ಣ ಸ್ವಲ್ಪ ತಿಳಿಯಾಗುತ್ತದೆ: ಎರಡು ಕಂದು ಅಣುಗಳು ಸೇರಿ ಬಣ್ಣವಿಲ್ಲದ ಒಂದು ಅಣುವಾಗುತ್ತಿವೆ. ಆದರೆ ಒತ್ತುವ ಮೊದಲು ಇದ್ದಷ್ಟು ತಿಳಿಬಣ್ಣಕ್ಕೆ ಅದು ಎಂದೂ ಮರಳುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಟೆಟ್ರಾಕ್ಸೈಡ್ ಒಡೆಯುವುದನ್ನು ಮುಮ್ಮುಖ ಕ್ರಿಯೆ ಎಂದುಕೊಂಡಾಗ, ಗಾತ್ರ ಅರ್ಧವಾದಾಗ ಎರಡೂ ಸಾರತೆಗಳು ಇಮ್ಮಡಿಯಾಗುತ್ತವೆ. ಡೈ ಆಕ್ಸೈಡಿನ ಸಾರತೆ ವರ್ಗದಲ್ಲಿರುವುದರಿಂದ ಕ್ಯೂ ಕೂಡ ಇಮ್ಮಡಿಯಾಗಿ ಕೆಯನ್ನು ಮೀರುತ್ತದೆ, ಕ್ರಿಯೆ ಹಿಂದಕ್ಕೆ ಸರಿಯುತ್ತದೆ. 'ಒತ್ತಡ ಹೆಚ್ಚಿಸಿದರೆ ಬಣ್ಣ ಮಾಸುತ್ತದೆ' ಎಂದಷ್ಟೇ ಬರೆಯುವವರು ಈ ದೃಶ್ಯದ ಅರ್ಧವನ್ನು ಮಾತ್ರ ನೋಡಿದ್ದಾರೆ.

ತಾಪಮಾನದ ಕಥೆ ಬೇರೆ. ಇದೇ ಅನಿಲವಿರುವ ಮುಚ್ಚಿದ ನಳಿಕೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟರೆ ಬಣ್ಣ ಪೇಲವವಾಗುತ್ತದೆ, ಬಿಸಿನೀರಿನಲ್ಲಿಟ್ಟರೆ ಕಡುಕಂದಾಗುತ್ತದೆ. ಟೆಟ್ರಾಕ್ಸೈಡ್ ಒಡೆಯಲು ಪ್ರತಿ ಮೋಲ್‌ಗೆ ಸುಮಾರು 57 ಕಿಲೋಜೂಲ್ ಶಾಖ ಬೇಕು, ಅಂದರೆ ಅದು ಅಂತರುಷ್ಣಕ ಕ್ರಿಯೆ. ಬಿಸಿ ಮಾಡಿದಾಗ ಇಲ್ಲಿ ಕೆಯ ಮೌಲ್ಯವೇ ದೊಡ್ಡದಾಗುತ್ತದೆ. ಸಾರತೆ, ಒತ್ತಡಗಳ ಬದಲಾವಣೆ ಕ್ಯೂವನ್ನು ಕದಲಿಸುತ್ತದೆ. ಕೆಯನ್ನು ಕದಲಿಸುವುದು ತಾಪಮಾನ ಒಂದೇ.

ಕ್ರಿಯೆಯಲ್ಲಿ ಭಾಗವಹಿಸದ ಅನಿಲವನ್ನು ಸೇರಿಸಿದರೆ ಏನಾಗುತ್ತದೆ?

ಗಾತ್ರ ಸ್ಥಿರವಾಗಿದ್ದಾಗ ಆರ್ಗಾನ್ ಸೇರಿಸಿದರೆ ಒಟ್ಟು ಒತ್ತಡ ಏರುತ್ತದೆ, ಆದರೆ ಕ್ರಿಯೆಯಲ್ಲಿರುವ ಅನಿಲಗಳ ಸಾರತೆ ಬದಲಾಗದು, ಆದ್ದರಿಂದ ಸಮತೋಲನ ಅಲುಗಾಡುವುದಿಲ್ಲ. ಒಟ್ಟು ಒತ್ತಡ ಸ್ಥಿರವಾಗಿರುವಂತೆ ಪಾತ್ರೆ ಹಿಗ್ಗಲು ಬಿಟ್ಟರೆ ಅವುಗಳ ಸಾರತೆ ಇಳಿಯುತ್ತದೆ, ಮತ್ತು ಅನಿಲದ ಮೋಲ್‌ಗಳು ಹೆಚ್ಚಿರುವ ಕಡೆಗೆ ಸಮತೋಲನ ಸರಿಯುತ್ತದೆ.

ಕ್ರಿಯಾವರ್ಧಕದಿಂದ ಇಳುವರಿ ಹೆಚ್ಚುತ್ತದೆಯೇ? ಹೆಚ್ಚದಿದ್ದರೆ ಅಮೋನಿಯ ತಯಾರಿಕೆಯಲ್ಲಿ ಅದೇಕೆ?

ಕ್ರಿಯಾವರ್ಧಕ ಎರಡೂ ದಿಕ್ಕಿನ ವೇಗವನ್ನು ಒಂದೇ ಪಟ್ಟು ಹೆಚ್ಚಿಸುವುದರಿಂದ ಸಮತೋಲನ ಬೇಗ ಬರುತ್ತದೆ, ಆದರೆ ಬೇರೆ ಜಾಗಕ್ಕೆ ಬರುವುದಿಲ್ಲ. ಹಾಗಿದ್ದರೂ ಅಮೋನಿಯದ ವಿಷಯದಲ್ಲಿ ಅದಿಲ್ಲದೆ ನಡೆಯದು, ಮತ್ತು ಅದರ ಕಾರಣ ತಿಳಿದುಕೊಳ್ಳುವುದಕ್ಕೆ ಯೋಗ್ಯವಾದದ್ದು.

ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಎರಡು ಮೋಲ್ ಅಮೋನಿಯ ಆಗುವಾಗ ಸುಮಾರು 92 ಕಿಲೋಜೂಲ್ ಶಾಖ ಹೊರಬರುತ್ತದೆ. ಒತ್ತಡವನ್ನು ವಾಯುಮಂಡಲಗಳಲ್ಲಿ ಅಳೆದರೆ 25 ಡಿಗ್ರಿಯಲ್ಲಿ ಈ ಕ್ರಿಯೆಯ ಸ್ಥಿರಾಂಕ ಸುಮಾರು 6 × 10⁵. 400 ಡಿಗ್ರಿಗೆ ಬರುವ ಹೊತ್ತಿಗೆ ಅದು 1.6 × 10⁻⁴ಕ್ಕೆ ಕುಸಿದಿರುತ್ತದೆ. ಸ್ಥಿರಾಂಕವನ್ನಷ್ಟೇ ನೋಡಿದರೆ ತಣ್ಣಗೆ ನಡೆಸುವುದೇ ಲಾಭ. ಆದರೆ ನೈಟ್ರೋಜನ್ ಅಣುವಿನ ತ್ರಿಬಂಧ ತಣ್ಣನೆಯಲ್ಲಿ ಬಿಚ್ಚಿಕೊಳ್ಳುವುದಿಲ್ಲ; ಅಲ್ಲಿ ಇಳುವರಿ ಕಾಗದದ ಮೇಲೆ ಮಾತ್ರ ಇರುತ್ತದೆ. ಕಬ್ಬಿಣದ ಕ್ರಿಯಾವರ್ಧಕ ಮಾಡುವ ಉಪಕಾರವೆಂದರೆ, ಇನ್ನೂ ಹೆಚ್ಚಿನ ತಾಪಕ್ಕೆ ಹೋಗಬೇಕಾದ ಅನಿವಾರ್ಯತೆಯನ್ನು ತಪ್ಪಿಸಿ 400–500 ಡಿಗ್ರಿಯಲ್ಲೇ ಸಾಕಷ್ಟು ವೇಗ ಕೊಡುವುದು. ಅಲ್ಲಿ ಕಳೆದುಕೊಂಡ ಇಳುವರಿಯ ಒಂದು ಭಾಗವನ್ನು ಸುಮಾರು 200 ವಾಯುಮಂಡಲದ ಒತ್ತಡ ತುಂಬಿಕೊಡುತ್ತದೆ, ಏಕೆಂದರೆ ನಾಲ್ಕು ಮೋಲ್ ಅನಿಲ ಎರಡಾಗುತ್ತದೆ. ಉಳಿದದ್ದನ್ನು ಅಮೋನಿಯವನ್ನು ತಂಪಾಗಿಸಿ ದ್ರವರೂಪದಲ್ಲಿ ಬೇರ್ಪಡಿಸಿ, ಉಳಿದ ಅನಿಲಗಳನ್ನು ಮತ್ತೆ ಒಳಗೆ ಹರಿಸುವುದರಿಂದ ಸಾಧಿಸುತ್ತಾರೆ. ಈ ಕ್ರಿಯೆಯನ್ನು ಸಾಧ್ಯವಾಗಿಸಿದ ಹೇಬರ್‌ಗೆ 1918ರ ನೊಬೆಲ್ ಸಂದಿತು. ಅಂಥ ಒತ್ತಡ ತಾಳುವ ಕಾರ್ಖಾನೆ ಕಟ್ಟಿದ ಬಾಶ್‌ಗೂ 1931ರಲ್ಲಿ ನೊಬೆಲ್ ಬಂದಿತು. ಎರಡನೆಯದು ಪಠ್ಯದಲ್ಲಿ ಅಡಿಟಿಪ್ಪಣಿಯಾಗಿ ಉಳಿಯುವುದು ನ್ಯಾಯವಲ್ಲ.

ಸಮತೋಲನ ಸ್ಥಿರಾಂಕಕ್ಕೆ ಏಕಮಾನ ಬರೆಯಬೇಕೇ?

ಕಟ್ಟುನಿಟ್ಟಾಗಿ ಹೇಳಿದರೆ ಬೇಡ. ಪ್ರತಿ ಸಾರತೆಯನ್ನೂ 1 ಮೋಲಾರ್‌ನ, ಪ್ರತಿ ಒತ್ತಡವನ್ನೂ 1 ಬಾರ್‌ನ ಪ್ರಮಾಣಿತ ಸ್ಥಿತಿಯಿಂದ ಭಾಗಿಸಿಯೇ ಸೂತ್ರಕ್ಕೆ ಹಾಕುವುದರಿಂದ ಏಕಮಾನಗಳು ರದ್ದಾಗುತ್ತವೆ. ಲಾಗರಿದಮ್ ತೆಗೆದುಕೊಳ್ಳಲು ಸಾಧ್ಯವಾಗುವುದೂ ಅದರಿಂದಲೇ. ಪರೀಕ್ಷೆಯಲ್ಲಿ ಏಕಮಾನ ಕೇಳಿದ್ದರೆ ಬರೆಯಿರಿ, ವಾದ ಮಾಡಬೇಡಿ.

ಪ್ರಬಲ ಆಮ್ಲ ಮತ್ತು ಹೆಚ್ಚು ಸಾರತೆಯ ಆಮ್ಲ ಒಂದೇ ಅಲ್ಲವೇ?

ಅಯಾನಿಕ ಸಮತೋಲನದ ಗೊಂದಲಗಳಲ್ಲಿ ಇದೇ ಮೊದಲನೆಯದು. ಪ್ರಾಬಲ್ಯ ಆಮ್ಲದ ಸ್ವಭಾವ. ಸಾರತೆ ನಾವು ಎಷ್ಟು ಕರಗಿಸಿದ್ದೇವೆ ಎಂಬ ಲೆಕ್ಕ. ಪಿಎಚ್ ಎಂದರೆ ಹೈಡ್ರೋನಿಯಮ್ (ಪ್ರೋಟಾನ್ ಪಡೆದ ನೀರಿನ ಅಣು) ಸಾರತೆಯ ಋಣ ಲಾಗರಿದಮ್; ದ್ರಾವಣ ಹೆಚ್ಚು ಆಮ್ಲೀಯವಾದಷ್ಟೂ ಅದು ಕಡಿಮೆ. 0.1 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದ ಪಿಎಚ್ 1. ಅಷ್ಟೇ ಸಾರತೆಯ ಅಸಿಟಿಕ್ ಆಮ್ಲದ್ದು 2.87. ಎರಡನೆಯದರ ಅಯಾನೀಕರಣ ಸ್ಥಿರಾಂಕ 1.8 × 10⁻⁵ ಆಗಿರುವುದರಿಂದ ನೂರು ಅಣುಗಳಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಪ್ರೋಟಾನನ್ನು ಬಿಟ್ಟುಕೊಟ್ಟಿದೆ. ಆದರೆ ಎರಡರ 25 ಮಿಲಿಲೀಟರನ್ನೂ ತಟಸ್ಥಗೊಳಿಸಲು ಬೇಕಾಗುವುದು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನ ಅದೇ 25 ಮಿಲಿಲೀಟರ್. ಪ್ರತ್ಯಾಮ್ಲ ಪ್ರೋಟಾನುಗಳನ್ನು ಸೆಳೆದಂತೆಲ್ಲ ಸಮತೋಲನ ಮುಂದಕ್ಕೆ ಸರಿಯುತ್ತ ಕೊನೆಯ ಅಣುವಿನವರೆಗೂ ಅವುಗಳನ್ನು ಒದಗಿಸುತ್ತದೆ.

ನೀರು ಬೆರೆಸಿ ತೆಳುವಾಗಿಸಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಅಸಿಟಿಕ್ ಆಮ್ಲದ ಸಾರತೆ 0.1ರಿಂದ 0.01ಕ್ಕೆ, ಅಲ್ಲಿಂದ 0.001ಕ್ಕೆ ಇಳಿದಂತೆ ಅಯಾನೀಕರಣದ ಪ್ರಮಾಣ ಶೇಕಡಾ 1.3ರಿಂದ 4.2ಕ್ಕೆ, ಅಲ್ಲಿಂದ 12.5ಕ್ಕೆ ಏರುತ್ತದೆ. 1888ರಲ್ಲಿ ಆಸ್ಟ್‌ವಾಲ್ಡ್ ಸೂತ್ರೀಕರಿಸಿದ ದುರ್ಬಲೀಕರಣ ನಿಯಮ ಇದೇ. ಹಾಗೆಂದು ದ್ರಾವಣ ಹೆಚ್ಚು ಆಮ್ಲೀಯವಾಗುವುದಿಲ್ಲ, ಪಿಎಚ್ 2.87ರಿಂದ 3.38ಕ್ಕೆ, ಮುಂದೆ 3.90ಕ್ಕೆ ಏರುತ್ತದೆ. ಅಂದಹಾಗೆ, ಕೊನೆಯ ಲೆಕ್ಕವನ್ನು ವರ್ಗಸಮೀಕರಣ ಬಿಡಿಸಿಯೇ ಮಾಡಬೇಕು. ಅಯಾನೀಕರಣ ಶೇಕಡಾ 5ನ್ನು ಮೀರಿದ ಮೇಲೆ ಛೇದದಲ್ಲಿರುವ ಸಣ್ಣ ಪದವನ್ನು ಕೈಬಿಡುವ ಅಭ್ಯಾಸ ಲೆಕ್ಕವನ್ನು ಕೆಡಿಸುತ್ತದೆ. ಇಲ್ಲಿ ಹಾಗೆ ಬಿಟ್ಟರೆ 12.5ರ ಜಾಗದಲ್ಲಿ 13.4 ಬರುತ್ತದೆ.

ತಟಸ್ಥ ದ್ರಾವಣದ ಪಿಎಚ್ ಯಾವಾಗಲೂ 7 ಇರುತ್ತದೆಯೇ?

25 ಡಿಗ್ರಿಯಲ್ಲಿ ಮಾತ್ರ. ನೀರು ತನ್ನಷ್ಟಕ್ಕೆ ತಾನೇ ಅಯಾನೀಕರಣಗೊಳ್ಳುವುದು ಅಂತರುಷ್ಣಕ ಕ್ರಿಯೆಯಾದ್ದರಿಂದ, ಬಿಸಿಯಾದಷ್ಟೂ ನೀರಿನ ಅಯಾನಿಕ ಗುಣಲಬ್ಧ (ಹೈಡ್ರೋನಿಯಮ್ ಮತ್ತು ಹೈಡ್ರಾಕ್ಸೈಡ್ ಸಾರತೆಗಳನ್ನು ಗುಣಿಸಿದ ಸಂಖ್ಯೆ) ಏರುತ್ತದೆ. 60 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.5. ಆ ನೀರು ಆಮ್ಲೀಯವಲ್ಲ, ಏಕೆಂದರೆ ಅದರಲ್ಲಿ ಹೈಡ್ರೋನಿಯಮ್ ಎಷ್ಟಿದೆಯೋ ಹೈಡ್ರಾಕ್ಸೈಡೂ ಅಷ್ಟೇ ಇದೆ. ತಟಸ್ಥತೆ ಎಂದರೆ ಈ ಎರಡರ ಸಮಾನತೆ. 7 ಎಂಬ ಅಂಕಿ ಕೇವಲ ಒಂದು ತಾಪಮಾನದ ಗುರುತು.

10⁻⁸ ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದ ಪಿಎಚ್ 8 ಎಂದರೆ ಏನು ತಪ್ಪು?

ಆಮ್ಲವನ್ನು ಎಷ್ಟೇ ತೆಳುವಾಗಿಸಿದರೂ ಅದು ಪ್ರತ್ಯಾಮ್ಲವಾಗಲಾರದು ಎಂಬ ಸಾಮಾನ್ಯ ಜ್ಞಾನವೇ ಆ ಉತ್ತರವನ್ನು ತಳ್ಳಿಹಾಕಬೇಕು. ನೀರು ತಾನೇ ಕೊಡುವ ಹೈಡ್ರೋನಿಯಮ್ ಆಮ್ಲ ಕೊಟ್ಟದ್ದಕ್ಕಿಂತ ಸುಮಾರು ಹತ್ತು ಪಟ್ಟು ಇರುವಾಗ ಅದನ್ನು ಮರೆಯುವಂತಿಲ್ಲ. ಎರಡನ್ನೂ ಸೇರಿಸಿ ಬಿಡಿಸಿದರೆ ಸಾರತೆ 1.05 × 10⁻⁷, ಪಿಎಚ್ 6.98.

ಲವಣದ ದ್ರಾವಣ ತಟಸ್ಥವಾಗಿರಬೇಕಲ್ಲವೇ? ಸೋಡಿಯಂ ಅಸಿಟೇಟ್ ಏಕೆ ಕ್ಷಾರೀಯ?

1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ ಬೇರೆ ಬೇರೆಯಾಗಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಪ್ರೋಟಾನ್ ಕೊಡುವುದು ಆಮ್ಲ, ಪಡೆಯುವುದು ಪ್ರತ್ಯಾಮ್ಲ. ಅಸಿಟಿಕ್ ಆಮ್ಲ ಪ್ರೋಟಾನನ್ನು ಬಿಟ್ಟುಕೊಡಲು ಹಿಂಜರಿಯುತ್ತದೆ ಎಂದರೆ, ಅಸಿಟೇಟ್ ಅಯಾನು ಅದನ್ನು ಮರಳಿ ಪಡೆಯಲು ಅಷ್ಟಿಷ್ಟಾದರೂ ಸಿದ್ಧವಾಗಿದೆ ಎಂದೇ ಅರ್ಥ. ಅದು ನೀರಿನಿಂದ ಪ್ರೋಟಾನ್ ಎತ್ತಿಕೊಂಡಾಗ ಹೈಡ್ರಾಕ್ಸೈಡ್ ಉಳಿಯುತ್ತದೆ. ಈ ಜಲವಿಭಜನೆಯ ಫಲವಾಗಿ 0.1 ಮೋಲಾರ್ ದ್ರಾವಣದ ಪಿಎಚ್ 8.87ರ ಆಸುಪಾಸಿನಲ್ಲಿರುತ್ತದೆ. ಕ್ಲೋರೈಡ್ ಅಯಾನಿಗೆ ಪ್ರೋಟಾನಿನ ಮೇಲೆ ಅಂಥ ಆಸೆಯಿಲ್ಲದ ಕಾರಣ ಅಡುಗೆ ಉಪ್ಪಿನ ದ್ರಾವಣ ತಟಸ್ಥ. ಆಮ್ಲದ ಸ್ಥಿರಾಂಕವನ್ನೂ ಅದರ ಜೋಡಿ ಪ್ರತ್ಯಾಮ್ಲದ ಸ್ಥಿರಾಂಕವನ್ನೂ ಗುಣಿಸಿದರೆ ನೀರಿನ ಅಯಾನಿಕ ಗುಣಲಬ್ಧವೇ ಬರುತ್ತದೆ: ಒಂದು ದೊಡ್ಡದಾದಂತೆ ಇನ್ನೊಂದು ಸಣ್ಣದು.

ಬಫರ್ ದ್ರಾವಣ ಪಿಎಚ್ ಅನ್ನು ಬದಲಾಗಲು ಬಿಡುವುದೇ ಇಲ್ಲವೇ?

ಬಿಡುತ್ತದೆ, ಆದರೆ ಬಹಳ ಕಡಿಮೆ. ದುರ್ಬಲ ಆಮ್ಲ ಮತ್ತು ಅದರ ಜೋಡಿ ಪ್ರತ್ಯಾಮ್ಲ ಎರಡೂ ಸಾಕಷ್ಟಿರುವ ದ್ರಾವಣ ಇಂಥ ಬಫರ್. ಒಂದು ಲೀಟರಿನಲ್ಲಿ 0.1 ಮೋಲ್ ಅಸಿಟಿಕ್ ಆಮ್ಲವೂ 0.1 ಮೋಲ್ ಸೋಡಿಯಂ ಅಸಿಟೇಟೂ ಇರುವ ದ್ರಾವಣದ ಪಿಎಚ್ 4.74. ಅದಕ್ಕೆ 0.01 ಮೋಲ್ ಹೈಡ್ರೊಕ್ಲೋರಿಕ್ ಆಮ್ಲ ಸೇರಿಸಿದರೆ ಅಸಿಟೇಟ್ 0.09ಕ್ಕೆ ಇಳಿದು ಆಮ್ಲ 0.11ಕ್ಕೆ ಏರುತ್ತದೆ, ಪಿಎಚ್ 4.66 ಆಗುತ್ತದೆ. ಅಷ್ಟೇ ಆಮ್ಲವನ್ನು ಒಂದು ಲೀಟರ್ ಶುದ್ಧ ನೀರಿಗೆ ಹಾಕಿದ್ದರೆ ಪಿಎಚ್ 7ರಿಂದ 2ಕ್ಕೆ ಬೀಳುತ್ತಿತ್ತು. ಪಿಎಚ್ ಪ್ರತ್ಯಾಮ್ಲ ಮತ್ತು ಆಮ್ಲಗಳ ಅನುಪಾತದ ಲಾಗರಿದಮ್ಮನ್ನು ಅವಲಂಬಿಸಿರುವುದರಲ್ಲೇ ಗುಟ್ಟಿದೆ: ಸಾಕಷ್ಟು ಸಂಗ್ರಹವಿರುವವರೆಗೆ ಅನುಪಾತ ಹೆಚ್ಚು ಕದಲುವುದಿಲ್ಲ. ಸಂಗ್ರಹ ಮುಗಿದ ಮೇಲೆ ಬಫರಿನ ರಕ್ಷಣೆಯೂ ಮುಗಿಯಿತು.

ರಕ್ತದ ಬಫರ್ ಈ ಲೆಕ್ಕಕ್ಕೆ ಒಂದು ಸವಾಲಿನಂತಿದೆ. ಅದರ ಪಿಎಚ್ 7.35ರಿಂದ 7.45ರೊಳಗೆ ಇರಬೇಕು, ಆದರೆ ಕಾರ್ಬನ್ ಡೈ ಆಕ್ಸೈಡ್–ಬೈಕಾರ್ಬೊನೇಟ್ ಜೋಡಿಯ ಪಿಕೆಎ (ಆಮ್ಲದ ಅಯಾನೀಕರಣ ಸ್ಥಿರಾಂಕದ ಋಣ ಲಾಗರಿದಮ್) 6.1 ಮಾತ್ರ. ಬೈಕಾರ್ಬೊನೇಟ್ ಸುಮಾರು 24, ಕರಗಿದ ಅನಿಲ ಸುಮಾರು 1.2 ಮಿಲಿಮೋಲಾರ್; ಅನುಪಾತ 20, ಅದರ ಲಾಗರಿದಮ್ 1.3, ಒಟ್ಟು 7.4. ಇಷ್ಟು ಓರೆಯಾದ ಅನುಪಾತದ ಬಫರ್ ಮುಚ್ಚಿದ ಬಾಟಲಿಯಲ್ಲಿ ದುರ್ಬಲವಾಗಿರುತ್ತಿತ್ತು. ದೇಹ ಮುಚ್ಚಿದ ಬಾಟಲಿಯಲ್ಲ: ಹೆಚ್ಚಾದ ಅನಿಲವನ್ನು ಶ್ವಾಸಕೋಶ ಹೊರಹಾಕುತ್ತದೆ, ಬೈಕಾರ್ಬೊನೇಟನ್ನು ಮೂತ್ರಪಿಂಡ ಸರಿಪಡಿಸುತ್ತದೆ.

ವಿಲೀನತಾ ಗುಣಲಬ್ಧ ಕಡಿಮೆಯಿರುವ ಲವಣವೇ ಕಡಿಮೆ ಕರಗುತ್ತದೆಯೇ?

ವಿಲೀನತಾ ಗುಣಲಬ್ಧ ಎಂದರೆ ಪರ್ಯಾಪ್ತ ದ್ರಾವಣದಲ್ಲಿರುವ ಅಯಾನುಗಳ ಸಾರತೆಗಳನ್ನು, ಗುಣಾಂಕಗಳನ್ನೇ ಘಾತಗಳನ್ನಾಗಿಸಿ ಗುಣಿಸಿದ ಸಂಖ್ಯೆ. ಅಯಾನುಗಳ ಸಂಖ್ಯೆ ಒಂದೇ ಇರುವ ಲವಣಗಳ ನಡುವೆ ಮಾತ್ರ ಹಾಗೆ ಹೇಳಬಹುದು. ಸಿಲ್ವರ್ ಕ್ಲೋರೈಡಿನ ಗುಣಲಬ್ಧ 1.8 × 10⁻¹⁰, ಸಿಲ್ವರ್ ಕ್ರೋಮೇಟಿನದು 1.1 × 10⁻¹². ಎರಡನೆಯದು ನೂರಕ್ಕೂ ಹೆಚ್ಚು ಪಟ್ಟು ಸಣ್ಣದು. ಆದರೆ ಮೊದಲನೆಯದು ಎರಡು ಅಯಾನುಗಳನ್ನು ಕೊಡುವುದರಿಂದ ವರ್ಗಮೂಲ ತೆಗೆಯಬೇಕು, ಎರಡನೆಯದು ಮೂರನ್ನು ಕೊಡುವುದರಿಂದ ನಾಲ್ಕರಿಂದ ಭಾಗಿಸಿ ಘನಮೂಲ ತೆಗೆಯಬೇಕು. ಉತ್ತರಗಳು ಕ್ರಮವಾಗಿ 1.3 × 10⁻⁵ ಮತ್ತು 6.5 × 10⁻⁵ ಮೋಲಾರ್: ಕ್ರೋಮೇಟೇ ಐದು ಪಟ್ಟು ಹೆಚ್ಚು ಕರಗುತ್ತದೆ.

ಸಾಮಾನ್ಯ ಅಯಾನು ಪರಿಣಾಮಕ್ಕೆ ಮಿತಿಯಿದೆಯೇ?

ಇದೆ. ಲವಣದ ಅಯಾನುಗಳಲ್ಲೊಂದು ದ್ರಾವಣದಲ್ಲಿ ಮೊದಲೇ ಇದ್ದರೆ ಲವಣ ಕಡಿಮೆ ಕರಗುವುದೇ ಈ ಪರಿಣಾಮ. ಶುದ್ಧ ನೀರಿನಲ್ಲಿ 1.3 × 10⁻⁵ ಮೋಲಾರ್ ಕರಗುವ ಸಿಲ್ವರ್ ಕ್ಲೋರೈಡ್, ಸ್ವಲ್ಪ ಕ್ಲೋರೈಡ್ ಮೊದಲೇ ಇರುವ ದ್ರಾವಣದಲ್ಲಿ ಅದಕ್ಕಿಂತ ಬಹಳ ಕಡಿಮೆ ಕರಗುತ್ತದೆ. ಆದರೆ ಕ್ಲೋರೈಡನ್ನು ಹೆಚ್ಚಿಸುತ್ತಲೇ ಹೋದರೆ ಬೆಳ್ಳಿಯ ಅಯಾನು ಎರಡು ಕ್ಲೋರೈಡುಗಳನ್ನು ಕಟ್ಟಿಕೊಂಡು ಸಂಕೀರ್ಣ ಅಯಾನಾಗುತ್ತದೆ, ಪ್ರಕ್ಷೇಪ ಮತ್ತೆ ಕರಗತೊಡಗುತ್ತದೆ. ಪ್ರಕ್ಷೇಪಿಸುವ ದ್ರವವನ್ನು ಸ್ವಲ್ಪವೇ ಹೆಚ್ಚು ಹಾಕಿ ಎಂದು ಪ್ರಯೋಗದ ಸೂಚನೆಗಳು ಎಚ್ಚರಿಸುವುದು ಇದಕ್ಕಾಗಿ.

ಎರಡು ಪ್ರಕ್ಷೇಪಗಳು ಸಾಧ್ಯವಿದ್ದಾಗ ಯಾವುದು ಮೊದಲು ಬೀಳುತ್ತದೆ?

ಯಾವುದರ ಅಯಾನಿಕ ಲಬ್ಧ (ಆ ಕ್ಷಣದ ಸಾರತೆಗಳಿಂದ ಬರುವ ಅದೇ ಬಗೆಯ ಗುಣಲಬ್ಧ) ತನ್ನ ವಿಲೀನತಾ ಗುಣಲಬ್ಧವನ್ನು ಮೊದಲು ಮೀರುತ್ತದೆಯೋ ಅದು. ಕ್ಲೋರೈಡ್ ಮತ್ತು ಕ್ರೋಮೇಟ್ ಎರಡೂ 0.01 ಮೋಲಾರ್ ಇರುವ ಹಳದಿ ದ್ರಾವಣಕ್ಕೆ ಬ್ಯುರೆಟ್ಟಿನಿಂದ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡುತ್ತಿದ್ದೇವೆ ಎನ್ನಿ. ಕ್ಲೋರೈಡನ್ನು ಪ್ರಕ್ಷೇಪಿಸಲು 1.8 × 10⁻⁸ ಮೋಲಾರ್ ಬೆಳ್ಳಿ ಸಾಕು. ಕ್ರೋಮೇಟಿಗೆ ಸುಮಾರು 1.05 × 10⁻⁵ ಬೇಕು. ಹಾಗಾಗಿ ಮೊದಲು ಬಿಳಿಯ ಮೊಸರಿನಂಥ ಪ್ರಕ್ಷೇಪ ಬೀಳುತ್ತ ಹೋಗುತ್ತದೆ. ಹನಿ ಬಿದ್ದ ಜಾಗದಲ್ಲಿ ಕ್ಷಣಕಾಲ ಇಟ್ಟಿಗೆ ಕೆಂಪು ಮಿಂಚಿ, ಫ್ಲಾಸ್ಕನ್ನು ತಿರುಗಿಸಿದೊಡನೆ ಮಾಯವಾಗುತ್ತದೆ: ಅಲ್ಲಿ ಮಾತ್ರ ಬೆಳ್ಳಿ ದಟ್ಟವಾಗಿತ್ತು, ಬೆರೆತ ಮೇಲೆ ಕ್ಲೋರೈಡ್ ಅದನ್ನು ಕಿತ್ತುಕೊಂಡಿತು. ಕೆಂಪು ಮಾಯವಾಗದೆ ಉಳಿದ ಹೊತ್ತಿಗೆ ದ್ರಾವಣದಲ್ಲಿ ಬಾಕಿಯಿರುವ ಕ್ಲೋರೈಡ್ 1.7 × 10⁻⁵ ಮೋಲಾರ್, ಅಂದರೆ ಮೊದಲಿದ್ದುದರ ಶೇಕಡಾ 0.2ಕ್ಕಿಂತ ಕಡಿಮೆ. ಕ್ಲೋರೈಡನ್ನು ಅಳೆಯುವ ಮೋರ್ ವಿಧಾನ ಈ ಅಂತರದ ಮೇಲೆಯೇ ನಿಂತಿದೆ.

ಈ ಟೈಟ್ರೇಷನ್ನಿನ ಪಿಎಚ್ ಅನ್ನು ತಟಸ್ಥದ ಆಸುಪಾಸಿನಲ್ಲೇ ಇಡಬೇಕಾಗುತ್ತದೆ. ಆಮ್ಲ ಹೆಚ್ಚಾದರೆ ಕ್ರೋಮೇಟ್ ಕಿತ್ತಳೆ ಬಣ್ಣದ ಡೈಕ್ರೋಮೇಟಿನ ಕಡೆಗೆ ಸರಿದು ಕೆಂಪು ತಡವಾಗಿ ಕಾಣಿಸುತ್ತದೆ. ಕ್ಷಾರ ಹೆಚ್ಚಾದರೆ ಬೆಳ್ಳಿ ಕಂದು ಆಕ್ಸೈಡಾಗಿ ತಳ ಸೇರುತ್ತದೆ.